ತಲೆ ಎತ್ತಿದರೆ ಸಿಗುವ ಉತ್ತರ

ಊರು ಸುತ್ತಿಸುವ ಒಗಟಿನಾಟಗಳನ್ನು ಮೊದಲು ಸುಮ್ನೆ ಆಡುತ್ತಿದ್ದೆ. ಈಗ ನಾನೇ ಕಟ್ಟುತ್ತೇನೆ. ಒಂದು ಒಗಟು ಬಿಡಿಸಿದರೆ ಮುಂದಿನ ಜಾಗ ಗೊತ್ತಾಗುತ್ತದೆ, ಅಲ್ಲಿ ಇನ್ನೊಂದು ಕಾದಿರುತ್ತದೆ. ಆಟ ಇಷ್ಟೇ. ಆ್ಯಪ್‌ನಲ್ಲಿ ಆಡಿಸುವವರು ಜಾಸ್ತಿ. ನನಗೆ ಮಡಚಿದ ಒಂದು ಹಾಳೆ ಸಾಕು.

ಬರೆಯಲು ಕೂರುವ ಮುಂಚೆ ನಡೆಯುತ್ತೇನೆ. ಇತಿಹಾಸದ ಪುಸ್ತಕ ಆಮೇಲೆ. ಬಾಗಿಲ ಮೇಲೆ ಕೆತ್ತಿದ ಇಸವಿ, ಒಂದೇ ಬದಿ ಸವೆದ ಮೆಟ್ಟಿಲು, ಈಗ ಯಾರಿಗೂ ಬೇಡವಾದ ಕುದುರೆ ಕಟ್ಟುವ ಬಳೆ, ಇಂಥವನ್ನು ಗುರುತು ಹಾಕಿಕೊಳ್ಳುತ್ತೇನೆ. ಯಾಕಂದ್ರೆ, ‘ಈ ಕಟ್ಟಡ ಕಟ್ಟಿಸಿದ್ದು ಯಾರು?’ ಅಂತ ಕೇಳಿದರೆ ಆಡುವವರ ಕೈ ಮೊಬೈಲಿಗೆ ಹೋಗುತ್ತದೆ. ಕಟ್ಟಡಕ್ಕೆ ಬೆನ್ನು ಹಾಕಿಕೊಂಡೇ ಉತ್ತರ ಹೇಳಿಬಿಡಬಹುದು. ಅದು ಒಗಟಲ್ಲ, ಪರೀಕ್ಷೆ.

ಗಡಿಯಾರದ ಗೋಪುರಕ್ಕೆ ನಾನು ಬರೆದದ್ದು ಹೀಗಿದೆ:

‘ಮುಳ್ಳುಂಟು, ಗಿಡವಲ್ಲ. ಹಗಲಿರುಳು ಸುತ್ತಿದರೂ ಊರು ಬಿಟ್ಟಿಲ್ಲ. ನನ್ನ ನಾಲ್ಕರಲ್ಲಿ ಗೀಟೆಷ್ಟು?’

ಮೊದಲೆರಡು ಸಾಲು ಸುಲಭ, ಬೇಕೆಂದೇ ಹಾಗೆ ಬರೆದೆ. ಜಾಗಕ್ಕೆ ಕರೆತರುವುದಷ್ಟೇ ಅವುಗಳ ಕೆಲಸ. ಕಸುಬು ಇರುವುದು ಮೂರನೆಯದರಲ್ಲಿ. ರೋಮನ್ ಅಂಕಿಯ ಹಳೆಯ ಗಡಿಯಾರಗಳಲ್ಲಿ ನಾಲ್ಕನ್ನು ಸಾಮಾನ್ಯವಾಗಿ ನಾಲ್ಕು ಗೀಟೆಳೆದೇ ಬರೆದಿರುತ್ತಾರೆ. ಲಂಡನ್ನಿನ ಬಿಗ್ ಬೆನ್ ಗೋಪುರದಲ್ಲಿ ಹಾಗಲ್ಲ, ಐದರ ಗುರುತಿನ ಎಡಕ್ಕೆ ಒಂದೇ ಗೀಟು. ಹಾಗಾಗಿ ಊಹೆ ನಡೆಯೋದಿಲ್ಲ, ತಲೆ ಎತ್ತಲೇಬೇಕು. ದಿನಾ ಅದೇ ದಾರಿಯಲ್ಲಿ ಓಡಾಡುವವರೂ ಇಲ್ಲಿ ನಿಂತು ಎಣಿಸುತ್ತಾರೆ!

ಉತ್ತರ ಸಿಕ್ಕಿದ ಮೇಲೆ ಎರಡು ಸಾಲಿನ ಕಥೆ ಕೊಡುತ್ತೇನೆ. ಇದನ್ನು ಬಿಟ್ಟರೆ ಆಟ ಬರೀ ಓಟವಾಗುತ್ತದೆ. ಕಥೆ ಹೇಗಿರಬೇಕು ಅನ್ನುವುದಕ್ಕೆ ನಾನು ಸ್ಕಾಟ್ಲೆಂಡಿನ ಕೆಂಪು ಅಂಚೆ ಡಬ್ಬಿಗಳ ಉದಾಹರಣೆ ಕೊಡುವುದುಂಟು. ಬ್ರಿಟನ್ನಿನ ಅಂಚೆ ಡಬ್ಬಿಗಳ ಮೇಲೆ ಆಗಿನ ರಾಜ ಇಲ್ಲವೇ ರಾಣಿಯ ಹೆಸರಿನ ಮೊದಲಕ್ಷರ ಇರುತ್ತದೆ. ಎರಡನೇ ಎಲಿಜಬೆತ್ ಕಾಲದಲ್ಲಿ ಸ್ಕಾಟ್ಲೆಂಡಿನಲ್ಲಿ ಹಾಕಿದ ಡಬ್ಬಿಗಳ ಮೇಲೆ ಕಿರೀಟ ಉಂಟು, ಹೆಸರಿಲ್ಲ. ಯಾಕೆ? ಮೊದಲನೇ ಎಲಿಜಬೆತ್ ಸ್ಕಾಟ್ಲೆಂಡಿಗೆ ರಾಣಿಯೇ ಆಗಿರಲಿಲ್ಲ. ಹಾಗಿದ್ದ ಮೇಲೆ ಇವರು ‘ಎರಡನೇ’ಯವರು ಹೇಗಾದಾರು ಅಂತ ಜನ ಸಿಟ್ಟಾದರು. 1953ರಲ್ಲಿ ಎಡಿನ್‌ಬರೋದಲ್ಲಿ ‘ಎರಡನೇ ಎಲಿಜಬೆತ್’ ಗುರುತು ಹಾಕಿದ್ದ ಒಂದು ಡಬ್ಬಿಯನ್ನು ಸ್ಫೋಟಿಸಿಯೇಬಿಟ್ಟರು. ಆಮೇಲೆ ಅಲ್ಲಿನ ಡಬ್ಬಿಗಳಿಗೆ ಬರೀ ಕಿರೀಟ. ಡಬ್ಬಿಯ ಮೇಲೆ ಇಲ್ಲದ ಅಕ್ಷರಗಳ ಹಿಂದೆ ಇಷ್ಟೆಲ್ಲ ಇದೆ. ಇಂಥ ಕಥೆ ಒಂದು ಸಿಕ್ಕಿದರೆ ಅರಮನೆ ಕೋಟೆ ಇಲ್ಲದ ಬೀದಿಯೂ ಆಟಕ್ಕೆ ಸಾಕಾಗುತ್ತದೆ.

ಇದನ್ನು ಜಿಯೋಕ್ಯಾಶಿಂಗ್, ಅಂದರೆ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕುವ ಆಟ, ಅಂದುಕೊಳ್ಳುವವರಿದ್ದಾರೆ. ಅದು ಶುರುವಾದದ್ದು 2000ದ ಮೇ ತಿಂಗಳಲ್ಲಿ. ಜಾಗ ನಿಖರವಾಗಿ ಸಿಗದಂತೆ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಸೇರಿಸುತ್ತಿದ್ದ ತಪ್ಪನ್ನು ಅಮೆರಿಕ ಸರ್ಕಾರ ನಿಲ್ಲಿಸಿತು. ಮರುದಿನವೇ ಆರಿಗನ್ ರಾಜ್ಯದಲ್ಲಿ ಒಬ್ಬರು ಬಕೆಟ್ ಬಚ್ಚಿಟ್ಟು, ಹುಡುಕಿ ನೋಡೋಣ ಅಂತ ಅದರ ಅಕ್ಷಾಂಶ ರೇಖಾಂಶ ಹಂಚಿದರು. ಅಲ್ಲಿ ಹುಡುಕುವುದು ಡಬ್ಬಿಯನ್ನು. ನಮ್ಮದರಲ್ಲಿ ಏನನ್ನೂ ಬಚ್ಚಿಡುವುದಿಲ್ಲ, ಎಲ್ಲವೂ ಎದುರಿಗೇ ಇರುತ್ತದೆ. ಹಳೆಯ ಗೋಡೆಯ ಸಂದಿಯಲ್ಲಿ ಚೀಟಿ ತುರುಕುವುದು ನನಗೆ ಸರಿ ಕಾಣುವುದೂ ಇಲ್ಲ. ಹುಡುಕುವ ಭರದಲ್ಲಿ ಕಲ್ಲು ಕೀಳುವವರು ಇದ್ದೇ ಇರುತ್ತಾರೆ, ಅಲ್ವಾ?

ಒಗಟನ್ನು ಹೊರಗೆ ಬಿಡುವ ಮುಂಚೆ ಆ ಬೀದಿ ಗೊತ್ತಿಲ್ಲದವರ ಕೈಗೆ ಕೊಟ್ಟು, ನಾನು ಬಾಯಿ ಮುಚ್ಚಿಕೊಂಡು ಹಿಂದೆ ನಡೆಯುತ್ತೇನೆ. ಅವರು ಎಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಾರೋ ಅಲ್ಲಿಗೊಂದು ಸುಳಿವು. ಓದುತ್ತಾ ರಸ್ತೆ ಮಧ್ಯ ನಿಂತರೆ ಆ ಒಗಟನ್ನೇ ಪಾದಚಾರಿ ದಾರಿಗೆ ಸರಿಸುತ್ತೇನೆ. ಸಂಜೆ ಬೀಗ ಬೀಳುವ ಅಂಗಳದೊಳಗೆ ಉತ್ತರ ಇಡುವುದಿಲ್ಲ. ಬಣ್ಣದ ಬೋರ್ಡು, ಅಂಗಡಿ ಹೆಸರು ನಂಬುವ ಹಾಗಿಲ್ಲ, ಕಲ್ಲು ಕಬ್ಬಿಣ ಪರವಾಗಿಲ್ಲ. ಆದರೂ ಪ್ರತಿ ಸಲ ಆಡಿಸುವ ಹಿಂದಿನ ದಿನ ಪೂರ್ತಿ ದಾರಿ ಒಮ್ಮೆ ನಡೆದು ಬರುತ್ತೇನೆ. ಗಡಿಯಾರಕ್ಕೆ ರಿಪೇರಿಯ ಪರದೆ ಕಟ್ಟಿರಬಹುದು, ಶಾಸನದ ಮುಂದೆ ಯಾರೋ ಲಾರಿ ನಿಲ್ಲಿಸಿರಬಹುದು. ಅದಕ್ಕೇ ಒಂದೆರಡು ಒಗಟು ಜಾಸ್ತಿ ಬರೆದು ಜೇಬಲ್ಲಿ ಇಟ್ಟುಕೊಂಡಿರುತ್ತೇನೆ.