ಹಿಂದಿನ ಸಸ್ಪೆನ್ಷನ್ ನಿಮ್ಮ ತೂಕಕ್ಕೆ ಹೊಂದಿದೆಯೇ?

ಗುಂಡಿಗೆ ಇಳಿದಾಗಲೆಲ್ಲ ಬೈಕಿನ ಹಿಂಭಾಗ ದಡ್ಡನೆ ಬಡಿಯುತ್ತಿದ್ದರೆ, ಶಾಕ್ ಅಬ್ಸಾರ್ಬರ್ ಬದಲಿಸುವ ಮೊದಲು ಅಳತೆ ಟೇಪ್ ಹಿಡಿಯಿರಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ನೆಲ ಬಿಟ್ಟಿರುವಾಗ ಆಕ್ಸಲ್‌ನಿಂದ ನೇರ ಮೇಲಕ್ಕೆ, ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಅಳೆಯಿರಿ. ಬಳಿಕ ಸ್ಟ್ಯಾಂಡ್ ತೆಗೆದು, ಹೆಲ್ಮೆಟ್, ಜಾಕೆಟ್ ಸಮೇತ ಕುಳಿತು, ಇನ್ನೊಬ್ಬರಿಂದ ಅದೇ ಅಳತೆ ತೆಗೆಸಿ. ವ್ಯತ್ಯಾಸವು ಚಕ್ರದ ಒಟ್ಟು ಮೇಲೆ-ಕೆಳಗಿನ ಚಲನೆಯ ಸುಮಾರು ಶೇ 30ರಷ್ಟಿರಬೇಕು, 120 ಮಿ.ಮೀ. ಚಲನೆಯಿದ್ದರೆ 36 ಮಿ.ಮೀ. ಆಸುಪಾಸು. ಹೆಚ್ಚು ಕುಸಿದರೆ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಡಬೇಕೆಂಬ ಹೊಂದಿಕೆ) ಏರಿಸಿ, ಕಡಿಮೆಯಾದರೆ ಇಳಿಸಿ. ಎರಡು ಶಾಕ್ ಇರುವ ಬೈಕಿನಲ್ಲಿ ಎರಡೂ ಬದಿ ಒಂದೇ ಹಂತದಲ್ಲಿರಬೇಕು. ಇದನ್ನು ಮರೆಯುವವರೇ ಹೆಚ್ಚು!

ಪ್ರಿಲೋಡ್ ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಅನೇಕರು ನಂಬಿದ್ದಾರೆ. ಸ್ಪ್ರಿಂಗಿನ ಬಿಗುವು ಹಾಗೆಯೇ ಇರುತ್ತದೆ. ಸವಾರನ ಭಾರಕ್ಕೆ ಹಿಂಭಾಗ ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಆದ್ದರಿಂದ ಕೊನೆಯ ಹಂತಕ್ಕೆ ತಂದರೂ ಕುಸಿತ ತಗ್ಗದಿದ್ದರೆ ಬೇಕಿರುವುದು ಬೇರೆ ಸ್ಪ್ರಿಂಗ್. ಹಿಂಬದಿ ಸವಾರರನ್ನು ಕೂರಿಸಿಕೊಂಡು ಹೊರಡುವಾಗ ಒಂದೆರಡು ಹಂತ ಏರಿಸಿ. ಇಲ್ಲದಿದ್ದರೆ ಹಿಂಭಾಗ ತಗ್ಗಿ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಕುಕ್ಕುತ್ತದೆ.