ಮಳೆಗಾಲದಲ್ಲಿ ಬ್ಲೀಚಿಂಗ್ ಪೌಡರ್ ಬಳಸುವ ಕ್ರಮ

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಆಟಿ ತಿಂಗಳ ಹೊತ್ತಿಗೆ ಬ್ಲೀಚಿಂಗ್ ಪೌಡರ್ ಒಂದೇ ತೊಟ್ಟೆಯಿಂದ ಮೂರು ಕಡೆಗೆ ಹೋಗುತ್ತದೆ: ತುಂಬಿ ನಿಂತ ಬಾವಿಗೆ, ಪಾಚಿ ಕಟ್ಟಿದ ಅಂಗಳಕ್ಕೆ, ಬಚ್ಚಲು ಪಾಯಿಖಾನೆಗೆ. ಇವುಗಳಲ್ಲಿ ಹೆಚ್ಚು ಅಪಾಯವಿರುವುದು ಬಚ್ಚಲಿನಲ್ಲಿ.

ಪಾಯಿಖಾನೆ ತೊಳೆಯುವ ದ್ರಾವಣಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆ್ಯಸಿಡ್ ಇರುತ್ತದೆ. ಅದರೊಡನೆ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ವಿನೆಗರ್ ಬೆರೆತರೂ ಇದೇ ಪರಿಣಾಮ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ ಈ ಅನಿಲವು ಎರಚಲು ಬೀಳುತ್ತದೆಂದು ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ನೆಲದ ಮಟ್ಟದಲ್ಲೇ ನಿಲ್ಲುವುದರಿಂದ, ಕುಕ್ಕರುಗಾಲಿನಲ್ಲಿ ಕುಳಿತು ಉಜ್ಜುವವರ ಮೂಗಿಗೆ ಅದು ಮೊದಲು ತಲುಪುತ್ತದೆ. ಆದ್ದರಿಂದ ಆ್ಯಸಿಡ್ ಹಾಕಿದ ದಿನ ಬ್ಲೀಚಿಂಗ್ ಪೌಡರ್ ಮುಟ್ಟದಿರುವುದು, ಮಳೆ ಬಂದರೂ ಕಿಟಕಿ ತೆರೆದಿಡುವುದು ಒಳ್ಳೆಯದು.

ಕಣ್ಣು ಉರಿದು ಕೆಮ್ಮು ಶುರುವಾದರೆ ಎಲ್ಲವನ್ನೂ ಇದ್ದಲ್ಲೇ ಬಿಟ್ಟು ಹೊರಗೆ ಬರಬೇಕು. ಚೆಲ್ಲಿದ್ದನ್ನು ತೊಳೆಯಲು ಮರಳಿ ಒಳಗೆ ಹೋಗಬಾರದು. ಕಣ್ಣುಗಳನ್ನು ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಬಟ್ಟೆ ಬದಲಾಯಿಸಬೇಕು. ಶ್ವಾಸಕೋಶದಲ್ಲಿ ನೀರು ತುಂಬುವ ತೊಂದರೆ ಕೆಲವೊಮ್ಮೆ ಗಂಟೆಗಳ ನಂತರ ತಲೆದೋರುವುದರಿಂದ, ಏದುಸಿರು ಅಥವಾ ಎದೆಬಿಗಿತ ಇದ್ದವರು, ಅದರಲ್ಲೂ ಅಸ್ತಮಾ ಇರುವವರು, ಕೆಮ್ಮು ತಗ್ಗಿತೆಂದು ಸುಮ್ಮನಿರದೆ ಆಸ್ಪತ್ರೆಗೆ ಹೋಗಬೇಕು. ಅಗತ್ಯವಿದ್ದರೆ 108ಕ್ಕೆ ಕರೆ ಮಾಡಬೇಕು.

ಅಂಗಳದ ಪಾಚಿಗೆ, ನನ್ನ ಅಭಿಪ್ರಾಯದಲ್ಲಿ, ಗಟ್ಟಿ ಹಿಡಿಸೂಡಿಯೇ ಸಾಕು. ಎರಚಿದ ಪುಡಿ ಮುಂದಿನ ಮಳೆಗೇ ತೊಳೆದುಹೋಗಿ ಗಿಡಗಳ ಬುಡ ಸೇರುತ್ತದೆ.

ಬಾವಿಗೆ ಮಾತ್ರ ಅಂದಾಜು ಸಲ್ಲದು. 1000 ಲೀಟರ್ ನೀರಿಗೆ ಒಳ್ಳೆಯ ಗುಣಮಟ್ಟದ ಪುಡಿ ಸುಮಾರು 2.5 ಗ್ರಾಂ ಎಂಬುದು ರೂಢಿಯ ಲೆಕ್ಕ. 3 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಅದು ಸುಮಾರು 28,000 ಲೀಟರ್ ಆಗುತ್ತದೆ, ಅಂದರೆ 70 ಗ್ರಾಂ ಪುಡಿ ಬೇಕು. ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಮತ್ತಷ್ಟು ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಾವಿಗೆ ಸುರಿಯಬೇಕು. ತಳದ ಸುಣ್ಣ ಸೇರಿದರೆ ನೀರು ಗಡುಸಾಗುತ್ತದೆ. ಕೊಡಪಾನವನ್ನು ಇಳಿಸಿ ಎತ್ತಿ ನೀರು ಕದಡಿದ ಮೇಲೆ ಕನಿಷ್ಠ ಒಂದು ಗಂಟೆ ಸೇದಬಾರದು. ರಾತ್ರಿ ಹಾಕಿ ಬೆಳಿಗ್ಗೆ ಸೇದುವುದು ಅನುಕೂಲ.

ನಮ್ಮ ಮಳೆಗಾಲದ ತೇವಕ್ಕೆ ಬಾಯಿ ತೆರೆದ ತೊಟ್ಟೆಯ ಪುಡಿ ಬೇಗ ಸತ್ವ ಕಳೆದುಕೊಳ್ಳುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬೆಳಕು ಬೀಳದ ಒಣ ಜಾಗದಲ್ಲಿ, ಸೀಮೆಎಣ್ಣೆಯಿಂದಲೂ ಆ್ಯಸಿಡ್‌ನಿಂದಲೂ ದೂರ ಇಡಬೇಕು. ಆ್ಯಸಿಡ್ಡನ್ನು ತಂಪುಪಾನೀಯದ ಬಾಟಲಿಗೆ ತುಂಬಿಡುವ ಅಭ್ಯಾಸವಂತೂ ಇಂದೇ ನಿಲ್ಲಬೇಕು. ಮಕ್ಕಳು ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸದೆ, ಬಾಯಿ ಮುಕ್ಕಳಿಸಿ, ಆ ಬಾಟಲಿಯನ್ನೂ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.