ಅಣಬೆ ಅಂತ ಬರೆದುಕೊಂಡಿದ್ದು ಹೂವಾಗಿತ್ತು

ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವನು ನಾನು, ಅಣಬೆ ಹುಚ್ಚು ಬೇರೆ. ಆದರೂ ಚಿಕ್ಕಮಗಳೂರು ಕಡೆ ಕಾಫಿ ತೋಟದ ಮೇಲಿನ ಶೋಲಾ ಕಾಡಿನಲ್ಲಿ, ತರಗೆಲೆ ಸರಿಸಿಕೊಂಡು ಎದ್ದಿದ್ದ ಕೆಂಪು ಬುರುಡೆಯನ್ನು ಕಂಡು ನೋಟ್‌ಬುಕ್ಕಿನಲ್ಲಿ ಬರೆದಿದ್ದು 'ಅಣಬೆ, ಎಳೆಯದು' ಅಂತಲೇ. ಹಸಿರಿನ ಸುಳಿವೇ ಇಲ್ಲದ್ದನ್ನು ಇನ್ನೇನಂತ ಬರೆಯಲಿ?

ಪಕ್ಕದಲ್ಲಿ ಯಾವುದೋ ಪ್ರಾಣಿಯ ಕಾಲಿಗೆ ಸಿಕ್ಕಿ ಮುರಿದ ಎರಡು ಬಿದ್ದಿದ್ದವು. ತೋಟದ ಯಜಮಾನರನ್ನು ಕೇಳಿ ಅವನ್ನೇ ತಂದೆ. ನೆಟ್ಟಗಿರುವುದನ್ನು ನಾನು ಕೀಳುವುದಿಲ್ಲ.

ಅಣಬೆಗೆ ನಾನು ಮೊದಲು ಮಾಡುವುದು ಬೀಜಕದ ಅಚ್ಚು, ಅಂದರೆ ಟೋಪಿಯಿಂದ ಉದುರುವ ಬೀಜದಂಥ ಪುಡಿಯನ್ನು ಕಾಗದದ ಮೇಲೆ ಹಿಡಿಯುವುದು. ಆಷಾಢದಲ್ಲಿ ಹುತ್ತದ ಅಣಬೆಯ ಟೋಪಿಯನ್ನು ಕಾಗದದ ಮೇಲಿಟ್ಟು ಬಟ್ಟಲು ಮುಚ್ಚಿದ್ದೆ. ಬೆಳಿಗ್ಗೆ ತೆಗೆದರೆ ನಸುಗುಲಾಬಿ ಪುಡಿಯ ಗೆರೆಗಳು, ಚಕ್ರದ ಕಡ್ಡಿಗಳ ಹಾಗೆ. ಈ ಎರಡನ್ನೂ ಹಾಗೇ ಇಟ್ಟೆ. ಒಂದರ ಕೆಳಗೆ ಬರೀ ಒದ್ದೆ ಗುರುತು, ನಾಲ್ಕು ಇರುವೆ. ಇನ್ನೊಂದರ ಕೆಳಗೆ ಬಿಳಿ ಪುಡಿ! ಗೆದ್ದೆ ಅಂದುಕೊಂಡೆ. ಆದರೆ ಗೆರೆಗಳಿಲ್ಲ, ಚೆಲ್ಲಿದ ಹಿಟ್ಟಿನಂತೆ ಎಲ್ಲೆಂದರಲ್ಲಿ. ಲೆನ್ಸ್ ಹಿಡಿದು ನೋಡಿದರೆ ಬುರುಡೆಯ ತುಂಬ ಪುಟ್ಟ ತೊಟ್ಟಿನ ಹೂಗಳು, ಹಿಂದಕ್ಕೆ ಮಡಚಿದ ದಳಗಳು, ನಡುವೆ ಕೇಸರಗಳೆಲ್ಲ ಅಂಟಿಕೊಂಡ ಒಂದು ಗಂಟು. ಪುಡಿ ಬೀಜಕವಲ್ಲ, ಪರಾಗ.

ಬಲನೋಫೊರಾ ಫಂಗೋಸಾ, ಮರದ ಬೇರಿಗೆ ಅಂಟಿ ಬದುಕುವ ಹೂಗಿಡ. ಅಣಬೆಯಂಥದ್ದು ಅಂತ ಹೆಸರಿನಲ್ಲೇ ಇದೆ, ಮೋಸ ಹೋಗಿದ್ದು ನಾನೊಬ್ಬನೇ ಅಲ್ಲ! ನಮ್ಮ ಕಡೆಯ ಉಪಪ್ರಭೇದದಲ್ಲಿ ಗಂಡು ಹೆಣ್ಣು ಬೇರೆ ಬೇರೆ ಗಿಡ. ಒದ್ದೆ ಗುರುತು ಬಿಟ್ಟಿದ್ದು ಹೆಣ್ಣು. ಅದರ ಹೂಗಳು ನನ್ನ ಹತ್ತು ಪಟ್ಟಿನ ಲೆನ್ಸಿಗೂ ಸಿಗಲಿಲ್ಲ; ಮೇಲೆ ಕಾಣುವ ಹರಳು ಹರಳಿನ ಸಂದಿಯಲ್ಲಿ ಸಾವಿರಾರು ಅಡಗಿರುತ್ತವೆ. ಒಂದಕ್ಕೂ ದಳವಿಲ್ಲ.

ಅನುಮಾನ ಪೂರ್ತಿ ಹೋಗಿದ್ದು ಬುಡ ನೋಡಿದ ಮೇಲೆ. ಹುತ್ತದ ಅಣಬೆಯ ಕಾಂಡ ಬೇರಿನಂತೆ ಇಳಿದು ಗೆದ್ದಲಿನ ಗೂಡೊಳಗಿನ ಶಿಲೀಂಧ್ರದ ತೋಟವನ್ನು ಮುಟ್ಟುತ್ತದೆ. ಗೆದ್ದಲು ತಂದ ಕಟ್ಟಿಗೆ, ತರಗನ್ನು ಆ ಶಿಲೀಂಧ್ರ ಅರಗಿಸಿಕೊಡುತ್ತದೆ, ಗೆದ್ದಲು ಅದನ್ನು ಸಾಕುತ್ತದೆ. ಇಲ್ಲಿ ಅಂಥ ಕೊಡುಕೊಳ್ಳುವಿಕೆ ಇಲ್ಲ, ಈ ಗಿಡ ಮರದಿಂದ ಬರೀ ಹೀರುತ್ತದೆ. ಒಂದರ ಬುಡದ ಗಡ್ಡೆಯಲ್ಲಿ ಮರದ ಬೇರಿನ ತುಂಡು ಹಾಗೇ ಕಚ್ಚಿಕೊಂಡಿತ್ತು. ಬ್ಲೇಡಿನಲ್ಲಿ ಸೀಳಿದಾಗ ಬೇರು ಎಲ್ಲಿ ಮುಗಿಯಿತು, ಗಡ್ಡೆ ಎಲ್ಲಿ ಶುರುವಾಯಿತು ಗೊತ್ತಾಗಲಿಲ್ಲ. ಬೆರಳಿಗೆ ಮೇಣದಂಥ ಜಿಡ್ಡು ಹತ್ತಿತು, ಸೋಪು ಹಾಕಿದರೂ ಬೇಗ ಬಿಡಲಿಲ್ಲ.

ನೋಟ್‌ಬುಕ್ಕಿನ ಸಾಲು ಹೊಡೆದು ಹಾಕಿದೆ. ಹಿಂದಿನ ಪುಟಗಳಲ್ಲಿ 'ಅಣಬೆ, ಎಳೆಯದು' ಅಂತ ಇನ್ನೂ ಮೂರು ಕಡೆ ಇದೆ. ಮುಂದಿನ ವರ್ಷ ಅದೇ ಹೊತ್ತಿಗೆ ಆ ಜಾಗಗಳಿಗೆ ಮತ್ತೆ ಹೋಗಬೇಕು.